ರಕ್ತಕ್ಕೆ ನೆರಳು ಕೊಡುವ ದ್ರವ

ಕ್ಷ-ಕಿರಣಗಳ ಮಟ್ಟಿಗೆ ರಕ್ತಕ್ಕೂ ಮಾಂಸಕ್ಕೂ ಹೆಚ್ಚಿನ ಭೇದವಿಲ್ಲ. ನಮ್ಮ ಕಣ್ಣಿಗೆ ಕೆಂಪಾಗಿ ಎದ್ದು ತೋರುವ ರಕ್ತವು ಆ ಕಿರಣಗಳ ದಾರಿಯಲ್ಲಿ ಬರಿಯ ನೀರಿನಂತೆ ವರ್ತಿಸುತ್ತದೆ. ಅದನ್ನು ಸುತ್ತುವರಿದ ಹೃದಯದ ಸ್ನಾಯುವೂ ಬಹುಮಟ್ಟಿಗೆ ನೀರೇ. ಮೂಳೆಯಲ್ಲಿ ಕ್ಯಾಲ್ಸಿಯಂ ಇರುವುದರಿಂದ ಅದರ ನೆರಳು ಬೀಳುತ್ತದೆ. ಶ್ವಾಸಕೋಶದಲ್ಲಿ ಗಾಳಿ ಇರುವುದರಿಂದ ಅದೂ ಬೇರೆಯಾಗಿ ಕಾಣುತ್ತದೆ. ಆದರೆ ಹೃದಯಕ್ಕೇ ರಕ್ತವನ್ನು ಒದಗಿಸುವ ಕಿರೀಟಧಮನಿಗಳು, ಎಂದರೆ ವೈದ್ಯರು ಕರೊನರಿ ಎಂದು ಕರೆಯುವ ಧಮನಿಗಳು, ಸಾಧಾರಣ ಎಕ್ಸ್‌ರೇ ಚಿತ್ರದಲ್ಲಿ ಎಲ್ಲಿವೆಯೆಂದು ಹೇಳುವುದೇ ಕಷ್ಟ. ಬುಡದ ಬಳಿಯಲ್ಲಿಯೂ ಅವುಗಳ ಒಳಗಲ ಕೆಲವೇ ಮಿಲಿಮೀಟರುಗಳಷ್ಟು. ಅಷ್ಟು ಸಣ್ಣ ಕೊಳವೆಯ ಒಳಗೋಡೆಯಲ್ಲಿ ಕೊಬ್ಬು ಕೂಡಿ ದಾರಿ ಇಕ್ಕಟ್ಟಾಗುವುದುಂಟು. ಅಲ್ಲಿ ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚಿದರೆ ಹೃದಯಾಘಾತ. ಇಕ್ಕಟ್ಟು ಎಲ್ಲಿದೆ, ಎಷ್ಟಿದೆ ಎಂದು ಕಾಣದೆ ಅದನ್ನು ಬಲೂನಿನಿಂದ ಹಿಗ್ಗಿಸುವುದಾಗಲಿ ಅಲ್ಲೊಂದು ಸ್ಟೆಂಟ್ ಇಡುವುದಾಗಲಿ ಆಗದು.

ಆದುದರಿಂದ ರಕ್ತಕ್ಕೆ ಸ್ವಲ್ಪ ಹೊತ್ತು ನೆರಳು ಬರುವಂತೆ ಮಾಡಬೇಕು. ಮಣಿಕಟ್ಟಿನಿಂದಲೋ ತೊಡೆಸಂದಿನಿಂದಲೋ ಕ್ಯಾಥೆಟರ್ ಎಂಬ ತೆಳುನಳಿಕೆಯನ್ನು ಧಮನಿಯೊಳಗೆ ತೂರಿಸಿ, ಕಿರೀಟಧಮನಿಯ ಬಾಯಿಗೆ ಅದರ ತುದಿಯನ್ನು ತಾಗಿಸಿ, ಕ್ಷ-ಕಿರಣಗಳನ್ನು ಹೀರುವ ದ್ರವವೊಂದನ್ನು ಕೆಲವು ಮಿಲಿಲೀಟರುಗಳಷ್ಟು ಚುಚ್ಚುವರು. ಆಂಜಿಯೋಗ್ರಾಂ ಎಂದು ಈಗ ಮನೆಮನೆಯಲ್ಲಿ ಕೇಳಿಬರುವ ಪರೀಕ್ಷೆ ಇದೇ. ಈ ದ್ರವವನ್ನು ವೈದ್ಯರು ಕಾಂಟ್ರಾಸ್ಟ್ ಎನ್ನುವರು, ರೋಗಿಯ ಕಡೆಯವರು ಡೈ ಎನ್ನುವರು. ಅದು ಬಣ್ಣವಲ್ಲ, ಸೀಸೆಯಲ್ಲಿ ನೋಡಿದರೆ ನೀರಿನಂತೆ ತಿಳಿಯಾಗಿರುತ್ತದೆ. ಯಾವ ಕಾಂಟ್ರಾಸ್ಟನ್ನು ಆರಿಸಬೇಕು, ಎಷ್ಟು ಚುಚ್ಚಬೇಕು ಎಂಬುದರ ಮೇಲೆ ರೋಗಿಯ ಹೃದಯದ ಬಡಿತವೂ ಮೂತ್ರಪಿಂಡಗಳ ಆರೋಗ್ಯವೂ ನಿಂತಿವೆ. ವೈದ್ಯಶಾಸ್ತ್ರದ ಈ ಪ್ರಶ್ನೆಯನ್ನು ಭೌತಶಾಸ್ತ್ರದವರಾದ ನಾವು ಎತ್ತಿಕೊಂಡಿರುವುದಕ್ಕೆ ಕಾರಣವುಂಟು. ಇದರ ತಿರುಳೆಲ್ಲ ನಮ್ಮ ವಾಚಕರು ಶಾಲಾ ಕಾಲೇಜುಗಳ ಪಠ್ಯಪುಸ್ತಕದಲ್ಲಿ ಓದುವ ಮೂರು ವಿಷಯಗಳಲ್ಲಿ ಅಡಗಿದೆ: ಕಿರಣಗಳ ಹೀರುವಿಕೆ, ಅಭಿಸರಣ, ಸ್ನಿಗ್ಧತೆ.

ಮೊದಲು ಹೀರುವಿಕೆ. ಕ್ಷ-ಕಿರಣದ ಒಂದು ಫೋಟಾನು ಪರಮಾಣುವಿನ ಒಳಕವಚದ ಎಲೆಕ್ಟ್ರಾನನ್ನು ಹೊರದೂಡಿ ತಾನು ಇಲ್ಲವಾಗುವುದುಂಟು. ದ್ಯುತಿವಿದ್ಯುತ್ ಪರಿಣಾಮವೆಂಬ ಈ ಕ್ರಿಯೆ ಪರಮಾಣು ಸಂಖ್ಯೆಯ ಘನದೊಡನೆ ಸುಮಾರಾಗಿ ಏರುತ್ತದೆ. ನೀರಿನಲ್ಲಿರುವ ಆಕ್ಸಿಜನ್ನಿನ ಪರಮಾಣು ಸಂಖ್ಯೆ 8, ಅಯೋಡಿನ್ನಿನದು 53. ಇವುಗಳ ನಿಷ್ಪತ್ತಿಯ ಘನ ಸುಮಾರು 290. ನೀರು ಕಿರಣಗಳನ್ನು ಚದರಿಸುವುದೂ ಉಂಟಾದುದರಿಂದ ಒಟ್ಟು ವ್ಯತ್ಯಾಸ ಅಷ್ಟಿರುವುದಿಲ್ಲ. ಆದರೂ 50 ಕಿಲೋ ಎಲೆಕ್ಟ್ರಾನ್ ವೋಲ್ಟ್ ಶಕ್ತಿಯ ಕಿರಣಗಳನ್ನು ತಡೆಯುವುದರಲ್ಲಿ ಒಂದು ಗ್ರಾಂ ಅಯೋಡಿನ್ ಒಂದು ಗ್ರಾಂ ನೀರಿಗಿಂತ 50 ಪಟ್ಟಿಗೂ ಮಿಗಿಲು. ಒಂದು ಮಿಲಿಲೀಟರಿನಲ್ಲಿ 350 ಮಿಲಿಗ್ರಾಂ ಅಯೋಡಿನ್ ಇರುವ ದ್ರವ ಮೂರು ಮಿಲಿಮೀಟರಿನ ಧಮನಿಯನ್ನು ತುಂಬಿದೆಯೆಂದು ಭಾವಿಸೋಣ. ಅದರ ಮೂಲಕ ಆ ಶಕ್ತಿಯ ಕಿರಣಗಳಲ್ಲಿ ಹಾಯ್ದುಬರುವುದು ಸುಮಾರು ನಾಲ್ಕರಲ್ಲಿ ಒಂದು ಪಾಲು ಮಾತ್ರ. ಅದೇ ಧಮನಿಯಲ್ಲಿ ಬರಿಯ ರಕ್ತವಿದ್ದರೆ ನೂರಕ್ಕೆ 93 ಪಾಲು ಹಾಯ್ದುಬರುತ್ತಿತ್ತು. ನೆರಳು ಬೀಳುವುದು ಈ ವ್ಯತ್ಯಾಸದಿಂದ.

ಅಯೋಡಿನ್ನಿಗೆ ಇನ್ನೊಂದು ಅನುಕೂಲವುಂಟು. ಅದರ ಅತ್ಯಂತ ಒಳಗಿನ ಎಲೆಕ್ಟ್ರಾನನ್ನು ಕೀಳಲು 33.2 ಕಿಲೋ ಎಲೆಕ್ಟ್ರಾನ್ ವೋಲ್ಟ್ ಬೇಕು. ಫೋಟಾನಿನ ಶಕ್ತಿ ಈ ಅಂಚನ್ನು ದಾಟಿದೊಡನೆ ಹೀರುವಿಕೆ ಐದು ಪಟ್ಟಿಗಿಂತ ಹೆಚ್ಚಾಗಿ ಮೇಲಕ್ಕೆ ಜಿಗಿಯುತ್ತದೆ. ಎದೆಯನ್ನು ತೂರಿ ಹೊರಬರಲು ತಕ್ಕಷ್ಟು ಬಲವುಳ್ಳ ಕಿರಣಗಳ ಹೆಚ್ಚುಪಾಲು ಈ ಅಂಚಿನ ಮೇಲ್ಗಡೆಯೇ ಇರುತ್ತದೆ. ಅದಕ್ಕಿಂತ ಮುಖ್ಯವಾದುದು ರಸಾಯನದ ಮಾತು: ಅಯೋಡಿನ್ ಪರಮಾಣು ಇಂಗಾಲದ ಉಂಗುರಕ್ಕೆ ಭದ್ರವಾಗಿ ಕಚ್ಚಿಕೊಳ್ಳುತ್ತದೆ, ಆ ಉಂಗುರವನ್ನು ನೀರಿನಲ್ಲಿ ಕರಗುವಂತೆ ಮಾಡಬಹುದು.

ಅಯೋಡಿನ್ನಿಗಿಂತ ಭಾರವಾದ ಧಾತುಗಳಿಲ್ಲವೇ ಎಂದು ಕೇಳಬಹುದು. ಇವೆ, ಅವನ್ನು ಬಳಸಿಯೂ ನೋಡಿದ್ದಾರೆ. ರಂಟ್ಗನ್ ಕ್ಷ-ಕಿರಣಗಳನ್ನು ಕಂಡುದು 1895ರ ನವೆಂಬರಿನಲ್ಲಿ. ಮರುವರ್ಷದ ಜನವರಿಯಲ್ಲೇ ವಿಯೆನ್ನಾದ ಹಾಷೆಕ್ ಮತ್ತು ಲಿಂಡೆನ್ತಾಲ್ ಎಂಬಿಬ್ಬರು ಕತ್ತರಿಸಿ ತೆಗೆದ ಕೈಯೊಂದರ ಧಮನಿಗಳಿಗೆ ಪಾದರಸದ ಸಂಯುಕ್ತವಿದ್ದ ಮಿಶ್ರಣವನ್ನು ತುಂಬಿ ಅದರ ಕವಲುಗಳ ಸೊಗಸಾದ ಚಿತ್ರವನ್ನು ತೆಗೆದರು. ಸತ್ತ ಕೈಗೆ ಪಾದರಸದಿಂದ ಕೇಡಿಲ್ಲ. ಬದುಕಿರುವವನಿಗೆ ಅದು ವಿಷ. ಬೇರಿಯಂ ಸಲ್ಫೇಟ್ ಜಠರದ ಚಿತ್ರಕ್ಕೆ ಒಳ್ಳೆಯದು, ಆದರೆ ಅದು ಕರಗದ ಪುಡಿ. ರಕ್ತದಲ್ಲಿ ಸೂಕ್ಷ್ಮನಾಳಗಳನ್ನು ಕಟ್ಟಿಬಿಡುತ್ತದೆ. ಕರಗುವ ಬೇರಿಯಂ ಲವಣವೋ ನೇರವಾಗಿ ವಿಷವೇ.

ಎಲ್ಲಕ್ಕಿಂತ ಕಹಿಯಾದ ಪಾಠ ಥೋರೊಟ್ರಾಸ್ಟಿನದು. 1930ರ ಸುಮಾರಿಗೆ ಬಳಕೆಗೆ ಬಂದ ಈ ದ್ರವದಲ್ಲಿ ಥೋರಿಯಂ ಡೈಆಕ್ಸೈಡಿನ ಅತಿ ಸಣ್ಣ ಕಣಗಳು ತೇಲುತ್ತಿದ್ದವು. ಥೋರಿಯಮ್ಮಿನ ಪರಮಾಣು ಸಂಖ್ಯೆ 90. ಚಿತ್ರವು ಬಹು ನಿಚ್ಚಳವಾಗಿ ಬರುತ್ತಿತ್ತು. ಚುಚ್ಚಿದಾಗ ನೋವಿಲ್ಲ, ಉರಿಯಿಲ್ಲ. ಇದಕ್ಕಿಂತ ನಿರಪಾಯವಾದುದು ಇಲ್ಲವೆಂದು ಅನೇಕರು ನಂಬಿದರು. ಆದರೆ ಆ ಕಣಗಳು ದೇಹದಿಂದ ಹೊರಗೆ ಹೋಗಲೇ ಇಲ್ಲ. ಯಕೃತ್ತಿನಲ್ಲಿ, ಗುಲ್ಮದಲ್ಲಿ, ಮೂಳೆಯ ಮಜ್ಜೆಯಲ್ಲಿ ನೆಲೆಸಿ ಆಲ್ಫಾ ಕಣಗಳನ್ನು ಉಗುಳುತ್ತ ಉಳಿದವು. ಥೋರಿಯಮ್ಮಿನ ಅರ್ಧಾಯುಷ್ಯ 1400 ಕೋಟಿ ವರ್ಷಗಳು. ಮನುಷ್ಯನ ಆಯುಷ್ಯದಲ್ಲಿ ಅದು ತಗ್ಗುವ ಮಾತೇ ಇಲ್ಲ. ಎರಡು ಮೂರು ದಶಕಗಳ ತರುವಾಯ ಆ ರೋಗಿಗಳಲ್ಲಿ ಯಕೃತ್ತಿನ ಕ್ಯಾನ್ಸರ್ ಕಾಣಿಸಿಕೊಳ್ಳತೊಡಗಿತು. ಚುಚ್ಚಿದ ದಿನದ ಸುಖವನ್ನು ನೋಡಿ ದ್ರವದ ಸುರಕ್ಷತೆಯನ್ನು ಅಳೆಯಲಾಗದು ಎಂಬುದನ್ನು ವೈದ್ಯಲೋಕ ಕಲಿತುದು ಹೀಗೆ. ಒಳಗೆ ಹೋದುದು ಒಂದೆರಡು ದಿನಗಳಲ್ಲಿ ಮೂತ್ರದ ಮೂಲಕ ಹೊರಬರಲೇಬೇಕು. ಈ ನಿಬಂಧನೆಯೇ ಮುಂದೆ ಮೂತ್ರಪಿಂಡವನ್ನು ನಮ್ಮ ಕಥೆಗೆ ಎಳೆದುತರುತ್ತದೆ.

ಅಯೋಡಿನ್ನಿನ ದಾರಿಯೂ ಒಮ್ಮೆಗೇ ಸುಗಮವಾಗಲಿಲ್ಲ. 1927ರಲ್ಲಿ ಲಿಸ್ಬನ್ನಿನ ಏಗಾಸ್ ಮೋನಿಷ್ ಮಿದುಳಿನ ಧಮನಿಗಳನ್ನು ಸೋಡಿಯಂ ಅಯೋಡೈಡಿನಿಂದ ಚಿತ್ರಿಸಿದನು. ಆ ಲವಣ ರಕ್ತನಾಳಗಳನ್ನು ಬಹಳವಾಗಿ ಕೆರಳಿಸುತ್ತಿತ್ತು. ಅದೇ ಕಾಲದಲ್ಲಿ ಬರ್ಲಿನ್ನಿನ ಬಿಂಟ್ಸ್ ಮತ್ತು ರೇತ್ ಎಂಬ ರಸಾಯನಜ್ಞರು ಅಯೋಡಿನ್ನನ್ನು ಉಂಗುರಾಕಾರದ ಅಣುವಿಗೆ ಕಟ್ಟಿದ ಹಲವು ಸಂಯುಕ್ತಗಳನ್ನು ತಯಾರಿಸಿದ್ದರು. ಅವರ ಉದ್ದೇಶ ಚಿತ್ರವಲ್ಲ, ಸೋಂಕು ರೋಗಗಳ ಔಷಧ. ಹಸುಗಳ ಕೆಚ್ಚಲುಬಾವಿಗೂ ಅವನ್ನು ಬಳಸಿದರು. ಅವು ಮೂತ್ರದಲ್ಲಿ ಹೊರಬರುವುದನ್ನು ಗಮನಿಸಿ, ಚಿತ್ರಕ್ಕೆ ತಕ್ಕ ಬಗೆಯನ್ನು 1929ರಲ್ಲಿ ಬಳಕೆಗೆ ತಂದವನು ಅಮೆರಿಕದಿಂದ ಬಂದಿದ್ದ ಮೋಸೆಸ್ ಸ್ವಿಕ್ ಎಂಬ ತರುಣ ವೈದ್ಯ. 1950ರ ದಶಕದಲ್ಲಿ ಒಂದು ಬೆಂಜೀನ್ ಉಂಗುರಕ್ಕೆ ಮೂರು ಅಯೋಡಿನ್ ಪರಮಾಣುಗಳನ್ನು ಕಟ್ಟಿದ ಲವಣಗಳು ಬಂದವು. ಡಯಾಟ್ರಿಜೋಯೇಟ್ ಅವುಗಳಲ್ಲಿ ಪ್ರಸಿದ್ಧವಾದುದು. ಅಂದಿನಿಂದ ಇಂದಿನವರೆಗೆ ಬಂದಿರುವ ಕಾಂಟ್ರಾಸ್ಟುಗಳೆಲ್ಲ ಈ ಮೂರು ಅಯೋಡಿನ್ನಿನ ಉಂಗುರದ ವಂಶದವೇ.

1958ರ ಅಕ್ಟೋಬರ್ 30ರಂದು ಅಮೆರಿಕದ ಕ್ಲೀವ್‌ಲೆಂಡ್ ಕ್ಲಿನಿಕ್ಕಿನಲ್ಲಿ ಮೇಸನ್ ಸೋನ್ಸ್ ಎಂಬ ವೈದ್ಯನು 26 ವರ್ಷದ ರೋಗಿಯೊಬ್ಬನ ಮಹಾಧಮನಿಯ ಚಿತ್ರವನ್ನು ತೆಗೆಯುತ್ತಿದ್ದನು. ದ್ರವವನ್ನು ಚುಚ್ಚುವ ಕ್ಷಣದಲ್ಲಿ ನಳಿಕೆಯ ತುದಿ ಜಾರಿ ಬಲ ಕಿರೀಟಧಮನಿಯ ಬಾಯೊಳಗೆ ಸೇರಿಕೊಂಡಿತ್ತು. ಸುಮಾರು 30 ಮಿಲಿಲೀಟರ್ ಡಯಾಟ್ರಿಜೋಯೇಟ್ ನೇರವಾಗಿ ಹೃದಯದ ಸ್ನಾಯುವಿಗೆ ಹರಿಯಿತು. ಹಾಗೇನಾದರೂ ಆದರೆ ರೋಗಿ ಸಾಯುವನೆಂದೇ ಅಲ್ಲಿಯವರೆಗೆ ಎಲ್ಲರ ನಂಬಿಕೆ. ಹೃದಯ ನಿಂತಿತು. ಸೋನ್ಸ್ ಕೆಮ್ಮುವಂತೆ ಕೂಗಿ ಹೇಳಿದನು, ರೋಗಿ ಕೆಮ್ಮಿದನು, ಕೆಲವು ಸೆಕೆಂಡುಗಳಲ್ಲಿ ಬಡಿತ ಮರಳಿತು. ಇನ್ನೂ ಕಡಮೆ ದ್ರವವನ್ನು ಬೇಕೆಂದೇ ಚುಚ್ಚಿದರೆ ಕಿರೀಟಧಮನಿಯ ಚಿತ್ರವನ್ನು ಅಪಾಯವಿಲ್ಲದೆ ತೆಗೆಯಬಹುದೆಂದು ಸೋನ್ಸನಿಗೆ ಹೊಳೆಯಿತು. ಇಂದಿನ ಆಂಜಿಯೋಗ್ರಾಂ ಹುಟ್ಟಿದುದು ಆ ದಿನ.

ಆ ಯುವಕನ ಹೃದಯ ಏಕೆ ನಿಂತಿತು? ಆಕ್ಸಿಜನ್ ಇಲ್ಲದ ದ್ರವ ಬಂದುದು ಒಂದು ಕಾರಣ. ಇನ್ನೊಂದು ಕಾರಣವನ್ನು ತಿಳಿಯಲು ಅಭಿಸರಣವನ್ನು ನೆನೆಯಬೇಕು. ಉಪ್ಪಿನಕಾಯಿಗೆ ಹೆಚ್ಚಿದ ಮಾವಿನ ಹೋಳುಗಳಿಗೆ ಉಪ್ಪು ಬೆರೆಸಿಟ್ಟರೆ ಮರುದಿನದ ಹೊತ್ತಿಗೆ ಭರಣಿಯಲ್ಲಿ ನೀರು ನಿಂತು ಹೋಳು ಸುಕ್ಕಾಗಿರುವುದನ್ನು ಎಲ್ಲರೂ ನೋಡಿದ್ದೇವೆ. ಕರಗಿದ ಕಣಗಳು ಯಾವ ಕಡೆ ಹೆಚ್ಚೋ ಆ ಕಡೆಗೆ ಜೀವಕೋಶದ ಪೊರೆಯ ಮೂಲಕ ನೀರು ಸರಿಯುತ್ತದೆ. ಇಲ್ಲಿ ಲೆಕ್ಕಕ್ಕೆ ಬರುವುದು ಕಣಗಳ ಸಂಖ್ಯೆಯೇ ಹೊರತು ಅವುಗಳ ತೂಕವಲ್ಲ, ಗಾತ್ರವಲ್ಲ. ಒಂದು ಮೋಲ್ ಕಣಗಳಿಗೆ ಒಂದು ಆಸ್ಮೋಲ್ ಎಂದು ಹೆಸರು; ಅದರ ಸಾವಿರದ ಒಂದು ಪಾಲು ಮಿಲಿಆಸ್ಮೋಲ್. ಒಂದು ಕಿಲೋಗ್ರಾಂ ನೀರಿಗೆ ರಕ್ತದಲ್ಲಿ ಇರುವುದು ಸುಮಾರು 290 ಮಿಲಿಆಸ್ಮೋಲ್. ಆಸ್ಪತ್ರೆಯಲ್ಲಿ ಏರಿಸುವ ಸಲೈನಿನ ಲೀಟರಿಗೆ 9 ಗ್ರಾಂ ಉಪ್ಪೇ ಏಕೆಂಬುದಕ್ಕೆ ಉತ್ತರವೂ ಇಲ್ಲಿಯೇ ಇದೆ: 9ನ್ನು 58.5ರಿಂದ ಭಾಗಿಸಿದರೆ 0.154 ಮೋಲ್, ಉಪ್ಪು ಸೋಡಿಯಂ, ಕ್ಲೋರೈಡ್ ಎಂದು ಎರಡು ತುಂಡಾಗುವುದರಿಂದ 308 ಮಿಲಿಆಸ್ಮೋಲ್. ರಕ್ತಕ್ಕೆ ಬಹು ಸಮೀಪ.

ಇದೇ ಲೆಕ್ಕವನ್ನು ಡಯಾಟ್ರಿಜೋಯೇಟಿಗೆ ಮಾಡೋಣ. ಹೃದಯದ ಚಿತ್ರಕ್ಕೆ ಲೀಟರಿಗೆ 370 ಗ್ರಾಂ ಅಯೋಡಿನ್ ಬೇಕೆಂದುಕೊಳ್ಳೋಣ. ಅಣುವಿನಲ್ಲಿರುವ ಮೂರು ಅಯೋಡಿನ್ನುಗಳ ತೂಕ 3×127, ಎಂದರೆ 381. ಆದುದರಿಂದ ಲೀಟರಿಗೆ 0.97 ಮೋಲ್ ಅಣುಗಳು. ಇದು ಲವಣವಾದುದರಿಂದ ನೀರಿನಲ್ಲಿ ಎರಡು ಅಯಾನುಗಳಾಗಿ ಒಡೆಯುತ್ತದೆ. ಒಟ್ಟು 1940 ಮಿಲಿಆಸ್ಮೋಲ್. ರಕ್ತದ ಆರೇಳು ಪಟ್ಟು! ಇಂಥ ದ್ರವ ಹಾಯ್ದ ಕಡೆ ಕೆಂಪು ರಕ್ತಕಣಗಳು ಮಾವಿನ ಹೋಳುಗಳಂತೆ ಸುಕ್ಕಾಗುತ್ತವೆ, ರಕ್ತನಾಳಗಳ ಒಳಪೊರೆ ಘಾಸಿಗೊಳ್ಳುತ್ತದೆ, ನಾಳಗಳು ಒಮ್ಮೆಲೇ ಹಿಗ್ಗಿ ರಕ್ತದೊತ್ತಡ ಕುಸಿಯುತ್ತದೆ. ರೋಗಿಗೆ ಮೈಯೆಲ್ಲ ಬೆಂಕಿ ಹತ್ತಿದಂತಾಗುತ್ತದೆ. ಅಷ್ಟೇ ಅಲ್ಲ, ಹಳೆಯ ಕೆಲವು ದ್ರವಗಳಲ್ಲಿ ಕೆಡದಂತೆ ಸೇರಿಸಿದ್ದ ಪದಾರ್ಥಗಳು ರಕ್ತದ ಕ್ಯಾಲ್ಸಿಯಮ್ಮನ್ನು ಹಿಡಿದಿಟ್ಟುಕೊಳ್ಳುತ್ತಿದ್ದವು. ಕ್ಯಾಲ್ಸಿಯಂ ತಗ್ಗಿದರೆ ಹೃದಯದ ಬಡಿತ ದುರ್ಬಲವಾಗಿ ತಾಳ ತಪ್ಪುವ ಭಯ.

ಈ ನೋವನ್ನು ಕಣ್ಣಾರೆ ಕಂಡು ಅದರ ಬುಡಕ್ಕೆ ಕೈಹಾಕಿದವನು ಸ್ವೀಡನ್ನಿನ ಟಾರ್ಸ್ಟನ್ ಆಲ್ಮೆನ್. ಮಾಲ್ಮೊ ನಗರದಲ್ಲಿ ಕ್ಷ-ಕಿರಣ ವೈದ್ಯನಾಗಿದ್ದ ಅವನಿಗೆ ಸಮುದ್ರದಲ್ಲಿ ಈಜುವಾಗಿನ ಅನುಭವವೊಂದು ನೆನಪಾಯಿತು. ಸ್ವೀಡನ್ನಿನ ಪಶ್ಚಿಮ ತೀರದ ನೀರಿನಲ್ಲಿ ಕಣ್ಣು ಬಿಟ್ಟರೆ ಉರಿ. ಬಾಲ್ಟಿಕ್ ಸಮುದ್ರದ ನೀರಿನಲ್ಲಿ ಉರಿಯಿಲ್ಲ. ಅನೇಕ ನದಿಗಳು ಬಂದು ಸೇರುವ ಬಾಲ್ಟಿಕ್ಕಿನ ದಕ್ಷಿಣ ಭಾಗದ ಉಪ್ಪು ನೂರಕ್ಕೆ ಒಂದಕ್ಕಿಂತಲೂ ಕಡಮೆ, ನಮ್ಮ ಕಣ್ಣೀರಿಗೆ ಹತ್ತಿರ. ಮಲ್ಪೆಯಲ್ಲೋ ಕಾರವಾರದಲ್ಲೋ ಮುಳುಗಿ ಕಣ್ಣು ತೆರೆದವರಿಗೆ ಅರಬ್ಬೀ ಸಮುದ್ರದ ನೂರಕ್ಕೆ ಮೂರೂವರೆ ಪಾಲು ಉಪ್ಪಿನ ಉರಿ ಗೊತ್ತು. ರೋಗಿಯ ನೋವಿಗೂ ಇದೇ ಕಾರಣವಿರಬೇಕು, ಅಯೋಡಿನ್ನಿನ ತಪ್ಪಲ್ಲ, ಕಣಗಳ ಸಂಖ್ಯೆಯ ತಪ್ಪು ಎಂದು ಆಲ್ಮೆನ್ ತರ್ಕಿಸಿದನು. ಹಾಗಾದರೆ ಅಣುವು ಎರಡು ತುಂಡಾಗದಂತೆ ಮಾಡಿದರೆ? ಅಯೋಡಿನ್ ಅಷ್ಟೇ ಇರುತ್ತದೆ, ಕಣಗಳು ಅರ್ಧವಾಗುತ್ತವೆ. ಎರಡು ಉಂಗುರಗಳನ್ನು ಒಂದಕ್ಕೊಂದು ಜೋಡಿಸಿದರೆ ಇನ್ನೂ ಅರ್ಧ!

ಮೇಲುನೋಟಕ್ಕೆ ಇದು ಬಹು ಸುಲಭ. ತೊಡಕೇನೆಂದರೆ, ಆ ಉಂಗುರ ನೀರಿನಲ್ಲಿ ಕರಗುತ್ತಿದ್ದುದೇ ಅದು ವಿದ್ಯುದಾವೇಶವುಳ್ಳ ಅಯಾನಾಗಿದ್ದುದರಿಂದ. ಆವೇಶವನ್ನು ತೆಗೆದರೆ ಕರಗುವುದು ಹೇಗೆ? ಸಕ್ಕರೆ ಅಯಾನಾಗದೆಯೂ ಕರಗುತ್ತದೆಯಲ್ಲವೇ. ಅದರ ಮೈತುಂಬ ಇರುವ ಹೈಡ್ರಾಕ್ಸಿಲ್ ಗುಂಪುಗಳು ನೀರಿನೊಡನೆ ಕೈಕೂಡಿಸುತ್ತವೆ. ಉಂಗುರಕ್ಕೂ ಅಂಥ ಗುಂಪುಗಳನ್ನು ತೊಡಿಸಬೇಕೆಂಬುದು ಆಲ್ಮೆನ್ನನ ಸಲಹೆ. 1968ರಲ್ಲಿ ನಾರ್ವೆಯ ಓಸ್ಲೋದಲ್ಲಿದ್ದ ನ್ಯೂಗಾರ್ಡ್ ಕಂಪನಿ ಈ ಕೆಲಸವನ್ನು ಕೈಗೆತ್ತಿಕೊಂಡಿತು. ಆಲ್ಮೆನ್ನನ ಲೇಖನ 1969ರಲ್ಲಿ ಅಚ್ಚಾದುದು ವೈದ್ಯಕೀಯ ಪತ್ರಿಕೆಯಲ್ಲಲ್ಲ, ಸೈದ್ಧಾಂತಿಕ ಜೀವಶಾಸ್ತ್ರದ ಪತ್ರಿಕೆಯಲ್ಲಿ. ಮೊದಲು ಬಂದ ಮೆಟ್ರಿಜಮೈಡಿಗೆ ಸಕ್ಕರೆಗೆ ಸಂಬಂಧಿಸಿದ ತುಂಡನ್ನೇ ಜೋಡಿಸಿದ್ದರು. ಅದು ದ್ರಾವಣವಾಗಿ ಬಹುಕಾಲ ನಿಲ್ಲುತ್ತಿರಲಿಲ್ಲ; ಪುಡಿಯಾಗಿ ಮಾರಿ ಬಳಸುವಾಗ ಕರಗಿಸಬೇಕಾಗಿತ್ತು; ಬೆಲೆಯೂ ಹೆಚ್ಚು. ಆ ಕೊರತೆಗಳನ್ನು ತುಂಬಿ 1980ರ ದಶಕದ ಮೊದಲಲ್ಲಿ ಬಂದ ಅಯೋಹೆಕ್ಸಾಲ್ ಇಂದಿಗೂ ಜಗತ್ತಿನಾದ್ಯಂತ ಬಳಕೆಯಲ್ಲಿದೆ. ಮಿಲಿಲೀಟರಿಗೆ 350 ಮಿಲಿಗ್ರಾಂ ಅಯೋಡಿನ್ ಇರುವ ಅಯೋಹೆಕ್ಸಾಲಿನ ಅಳತೆ 844 ಮಿಲಿಆಸ್ಮೋಲ್. ನಮ್ಮ ಲೆಕ್ಕದಂತೆ 900ಕ್ಕೂ ಮೇಲೆ ಬರಬೇಕು. ಅಣುಗಳು ಕೊಂಚ ಒಂದಕ್ಕೊಂದು ಅಂಟಿಕೊಳ್ಳುವುದರಿಂದ ಎಣಿಕೆಗೆ ಸಿಗುವ ಕಣಗಳು ಕಡಮೆಯಾಗಿವೆ.

ಈ ಬದಲಾವಣೆಯ ಫಲವನ್ನು ಜಪಾನಿನ ವೈದ್ಯರು 1990ರಲ್ಲಿ ಪ್ರಕಟಿಸಿದರು. ಮೂರು ಲಕ್ಷಕ್ಕೂ ಹೆಚ್ಚು ರೋಗಿಗಳನ್ನು ಪರಿಶೀಲಿಸಿದಾಗ, ಅಯಾನು ಬಗೆಯ ಹಳೆಯ ದ್ರವವನ್ನು ನರಕ್ಕೆ ಚುಚ್ಚಿಸಿಕೊಂಡವರಲ್ಲಿ ನೂರಕ್ಕೆ 12.66 ಮಂದಿಗೆ ಒಂದಲ್ಲ ಒಂದು ತೊಂದರೆ ಕಂಡಿತು. ಹೊಸ ಬಗೆಯಲ್ಲಿ ನೂರಕ್ಕೆ 3.13. ತೀವ್ರವಾದ ತೊಂದರೆ ನೂರಕ್ಕೆ 0.22ರಿಂದ 0.04ಕ್ಕೆ ಇಳಿದಿತ್ತು. ಒಂದು ಲಕ್ಷ ಜನರಿಗೆ ಎಂದು ಎಣಿಸಿದರೆ 220 ಮಂದಿಯ ಬದಲು 40. ಕಿರೀಟಧಮನಿಗಳಿಗೆ ಇಂದು ಹಳೆಯ ಹೆಚ್ಚು ಆಸ್ಮೋಲಿನ ದ್ರವವನ್ನು ಯಾರೂ ಆರಿಸುವುದಿಲ್ಲ. ಈ ಭಾಗದಲ್ಲಿ ವಾದವೇ ಉಳಿದಿಲ್ಲ.

ವಾದ ಉಳಿದಿರುವುದು ಮುಂದಿನ ಮೆಟ್ಟಿಲಲ್ಲಿ. ಎರಡು ಉಂಗುರಗಳನ್ನು ಜೋಡಿಸಿದ, ಅಯಾನಾಗದ ಅಯೋಡಿಕ್ಸನಾಲ್ ಎಂಬ ದ್ರವ 1990ರ ದಶಕದಲ್ಲಿ ಬಂದಿತು. ಅದರ ಒಂದೊಂದು ಅಣುವಿನಲ್ಲಿ ಆರು ಅಯೋಡಿನ್ನುಗಳು. ಮಿಲಿಲೀಟರಿಗೆ 320 ಮಿಲಿಗ್ರಾಂ ಅಯೋಡಿನ್ ಇದ್ದರೂ ಕಣಗಳು ರಕ್ತದಲ್ಲಿರುವುದಕ್ಕಿಂತ ಕಡಮೆಯಾದವು! ಉಪ್ಪನ್ನೂ ಕ್ಯಾಲ್ಸಿಯಂ ಕ್ಲೋರೈಡನ್ನೂ ಚೂರು ಸೇರಿಸಿ ಅದನ್ನು ರಕ್ತದ ಮಟ್ಟಕ್ಕೆ, ಎಂದರೆ 290ಕ್ಕೆ, ತರುವರು. ಹೃದಯಕ್ಕೆ ಬೇಕಾದ ಸೋಡಿಯಂ, ಕ್ಯಾಲ್ಸಿಯಂಗಳು ಜೊತೆಗೇ ಸಿಕ್ಕಂತಾಯಿತು. ಆಲ್ಮೆನ್ ಕಂಡ ಕನಸು ಇಲ್ಲಿಗೆ ಪೂರ್ತಿಯಾಯಿತೆಂದು ತೋರಬಹುದು.

ಆದರೆ ಕಣಗಳನ್ನು ಕಡಮೆ ಮಾಡಲು ನಾವು ಅವನ್ನು ದೊಡ್ಡದು ಮಾಡಿದ್ದೇವೆ, ಮೈಗೆಲ್ಲ ಹೈಡ್ರಾಕ್ಸಿಲ್ ತೊಡಿಸಿದ್ದೇವೆ. ದೊಡ್ಡ ಅಣುಗಳು ಒಂದರ ಪಕ್ಕದಲ್ಲಿ ಒಂದು ಸುಲಭವಾಗಿ ಜಾರವು. 20 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ನೀರಿನ ಸ್ನಿಗ್ಧತೆ ಒಂದು ಸೆಂಟಿಪಾಯ್ಸ್. ಅದೇ ಉಷ್ಣತೆಯಲ್ಲಿ ಅಯೋಡಿಕ್ಸನಾಲ್ 320ರದು 26.6. ಈ ಮಾನಕ್ಕೆ ಹೆಸರು ಕೊಟ್ಟ ಪ್ಯಾರಿಸ್ಸಿನ ಪ್ವಾಸೇಯ್ ವೈದ್ಯನೂ ಹೌದು, ಭೌತವಿಜ್ಞಾನಿಯೂ ಹೌದು. ನಳಿಕೆಯಲ್ಲಿ ಹರಿಯುವ ದ್ರವದ ಪ್ರಮಾಣ ಸ್ನಿಗ್ಧತೆಗೆ ವಿಲೋಮವಾಗಿಯೂ ತ್ರಿಜ್ಯದ ನಾಲ್ಕನೆಯ ಘಾತಕ್ಕೆ ಅನುಲೋಮವಾಗಿಯೂ ಇರುತ್ತದೆಂಬ ಅವನ ನಿಯಮ ಕ್ಯಾಥೆಟರಿಗೆ ನೇರವಾಗಿ ಅನ್ವಯಿಸುತ್ತದೆ. ಮಣಿಕಟ್ಟಿನ ಸಣ್ಣ ಧಮನಿಗೆ ಸಣ್ಣ ನಳಿಕೆಯೇ ಬೇಕು. ತ್ರಿಜ್ಯ ಹತ್ತರಲ್ಲಿ ಎರಡು ಪಾಲು ಕುಗ್ಗಿದರೂ ಹರಿವು ಅರ್ಧಕ್ಕಿಂತ ಕೆಳಗಿಳಿಯುತ್ತದೆ. ಅದರಲ್ಲಿ ಜಿಗುಟಾದ ದ್ರವವನ್ನು ಕೈಯಿಂದ ಒತ್ತುವ ವೈದ್ಯನ ಹೆಬ್ಬೆರಳಿಗೇ ಈ ಕಷ್ಟ ಗೊತ್ತು. ಮೆಲ್ಲನೆ ಹರಿದರೆ ದ್ರವ ರಕ್ತದೊಡನೆ ಕಲೆತು ನೆರಳು ಮಸುಕಾಗುತ್ತದೆ. ಇದಕ್ಕೆ ಉಪಾಯ ಅಡುಗೆಮನೆಯಲ್ಲಿ ಜೋನಿಬೆಲ್ಲಕ್ಕೆ ಮಾಡುವಂಥದೇ: ಬೆಚ್ಚಗೆ ಮಾಡುವುದು. 37 ಡಿಗ್ರಿಗೆ ಕಾಯಿಸಿದರೆ ಅಯೋಡಿಕ್ಸನಾಲಿನ ಸ್ನಿಗ್ಧತೆ 11.8ಕ್ಕೆ, ಅಯೋಹೆಕ್ಸಾಲ್ 350ರದು 20.4ರಿಂದ 10.4ಕ್ಕೆ ಇಳಿಯುತ್ತದೆ. ಸೀಸೆಗಳನ್ನು ದೇಹದ ಉಷ್ಣತೆಯಲ್ಲಿರುವ ಪೆಟ್ಟಿಗೆಯಲ್ಲಿ ಇಟ್ಟು ಬಳಸುವುದಕ್ಕೆ ಕಾರಣ ಇದು.

ನಳಿಕೆಯ ತೊಂದರೆಯನ್ನು ಹೀಗೆ ಕಾಯಿಸಿ ನಿವಾರಿಸಬಹುದು. ಮೂತ್ರಪಿಂಡದ ಒಳಗೆ ಹಾಗೆ ಮಾಡಲು ಬರುವುದಿಲ್ಲ. ನಮ್ಮ ಮೂತ್ರಪಿಂಡಗಳು ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ಸೋಸಿ, ಅದರಲ್ಲಿ ನೂರಕ್ಕೆ 99 ಪಾಲು ನೀರನ್ನು ಮರಳಿ ಹೀರಿ, ಉಳಿದುದನ್ನು ಮೂತ್ರವಾಗಿ ಬಿಡುತ್ತವೆ. ಕಾಂಟ್ರಾಸ್ಟನ್ನು ಸೋಸುತ್ತವೆ, ಮರಳಿ ಹೀರುವುದಿಲ್ಲ. ನೀರು ಹಿಂದಕ್ಕೆ ಹೋದಂತೆಲ್ಲ ಸೂಕ್ಷ್ಮನಾಳಗಳಲ್ಲಿ ಕಾಂಟ್ರಾಸ್ಟ್ ದಟ್ಟವಾಗುತ್ತದೆ, ಅದರ ಸ್ನಿಗ್ಧತೆ ಇನ್ನೂ ಬೇಗ ಏರುತ್ತದೆ. ಇಲ್ಲಿ ಒಂದು ವಿಚಿತ್ರವನ್ನು ಗಮನಿಸಬೇಕು. ಹೆಚ್ಚು ಆಸ್ಮೋಲಿನ ದ್ರವ ತನ್ನೊಡನೆ ನೀರನ್ನು ಹಿಡಿದಿಟ್ಟುಕೊಂಡು ತೆಳುವಾಗಿ ಬೇಗ ಹೊರಬೀಳುತ್ತದೆ. ರಕ್ತಕ್ಕೆ ಸಮನಾದ ಅಯೋಡಿಕ್ಸನಾಲಿಗೆ ಆ ಸಾಮರ್ಥ್ಯ ಕಡಮೆ, ಆದುದರಿಂದ ಅದು ನಾಳದಲ್ಲಿ ಹೆಚ್ಚು ದಟ್ಟವಾಗಿ, ಹೆಚ್ಚು ಹೊತ್ತು ನಿಲ್ಲಬಹುದು. ಮೂತ್ರಪಿಂಡದ ಒಳಭಾಗಕ್ಕೆ ಮೊದಲೇ ಆಕ್ಸಿಜನ್ ಸಾಲದು. ಒಂದು ಕೇಡನ್ನು ತಗ್ಗಿಸಿದರೆ ಇನ್ನೊಂದು ತಲೆ ಎತ್ತುತ್ತದೆ.

ಹಾಗಾದರೆ ಮೂತ್ರಪಿಂಡ ದುರ್ಬಲವಾಗಿರುವ ರೋಗಿಗೆ ಯಾವುದು ಮೇಲು? ಸಿದ್ಧಾಂತದಿಂದ ಇದನ್ನು ತೀರ್ಮಾನಿಸಲಾಗದು. 2003ರಲ್ಲಿ ಪ್ರಕಟವಾದ ನೆಫ್ರಿಕ್ ಎಂಬ ಪರೀಕ್ಷೆಯಲ್ಲಿ, ಸಕ್ಕರೆ ಕಾಯಿಲೆಯೂ ಮೂತ್ರಪಿಂಡದ ದೌರ್ಬಲ್ಯವೂ ಇದ್ದ 129 ಮಂದಿಯಲ್ಲಿ ಅಯೋಹೆಕ್ಸಾಲ್ ಪಡೆದವರ ಪೈಕಿ ನೂರಕ್ಕೆ 26 ಮಂದಿಗೆ ರಕ್ತದ ಕ್ರಿಯಾಟಿನಿನ್ ಗಮನಾರ್ಹವಾಗಿ ಏರಿತು. ಅಯೋಡಿಕ್ಸನಾಲ್ ಪಡೆದವರಲ್ಲಿ ನೂರಕ್ಕೆ 3 ಮಾತ್ರ. ಇದನ್ನು ಓದಿದವರು ಪ್ರಶ್ನೆ ಮುಗಿಯಿತೆಂದುಕೊಂಡರು. ಆದರೆ 2007ರ ಕೇರ್ ಎಂಬ ಪರೀಕ್ಷೆಯಲ್ಲಿ ಅಯೋಡಿಕ್ಸನಾಲನ್ನು ಒಂದು ಉಂಗುರದ, ಅಯಾನಾಗದ ಅಯೋಪಮಿಡಾಲಿನೊಡನೆ 414 ಮಂದಿಯಲ್ಲಿ ಹೋಲಿಸಿದಾಗ ಗಣನೀಯ ವ್ಯತ್ಯಾಸ ಕಾಣಲಿಲ್ಲ. ನಮ್ಮ ಎಣಿಕೆಯಲ್ಲಿ, 129 ಮಂದಿಯ ಪರೀಕ್ಷೆಯೊಂದರ ಮೇಲೆ ಅಷ್ಟು ದೊಡ್ಡ ತೀರ್ಮಾನವನ್ನು ಹೊರಿಸಿದುದೇ ಅವಸರ. ಇಂದಿನ ವೈದ್ಯರ ಸಾಮಾನ್ಯ ಅಭಿಪ್ರಾಯವೂ ಎರಡು ಬಗೆಗಳೂ ಸಲ್ಲುತ್ತವೆಂಬುದೇ. ಬೆಲೆಯಲ್ಲಿ ಅಯೋಡಿಕ್ಸನಾಲ್ ಹೆಚ್ಚು. ಉರಿ, ಬಿಸಿ ಅದರಲ್ಲಿ ಕಡಮೆ.

ಸೀಸೆಯ ಮೇಲಿನ ಹೆಸರಿಗಿಂತ ಸೀಸೆಯಿಂದ ಎಷ್ಟು ಖರ್ಚಾಯಿತೆಂಬುದು ಮೂತ್ರಪಿಂಡಕ್ಕೆ ಹೆಚ್ಚು ಮುಖ್ಯವೆಂದು ಈಗ ತಿಳಿದುಬಂದಿದೆ. 1989ರಲ್ಲಿ ಅಮೆರಿಕದ ಸಿಗರೋವಾ ಮತ್ತು ಸಂಗಡಿಗರು ಒಂದು ಸೂತ್ರವನ್ನು ಕೊಟ್ಟರು: ರೋಗಿಯ ಕಿಲೋಗ್ರಾಂ ತೂಕವನ್ನು ಐದರಿಂದ ಗುಣಿಸಿ, ಒಂದು ಡೆಸಿಲೀಟರ್ ರಕ್ತದಲ್ಲಿರುವ ಕ್ರಿಯಾಟಿನಿನ್ನಿನ ಮಿಲಿಗ್ರಾಂಗಳಿಂದ ಭಾಗಿಸಬೇಕು, ಬಂದ ಉತ್ತರವೇ ಮಿಲಿಲೀಟರುಗಳಲ್ಲಿ ಮೇಲ್ಮಿತಿ, ಅದೂ 300ನ್ನು ದಾಟಬಾರದು. 60 ಕಿಲೋಗ್ರಾಂ ತೂಕದವನ ಕ್ರಿಯಾಟಿನಿನ್ 1 ಆದರೆ 300, 2 ಆದರೆ 150. ಈಚೆಗೆ ಮೂತ್ರಪಿಂಡದ ಸೋಸುವ ವೇಗವನ್ನು ಹಿಡಿದು, ಅದರ ಸುಮಾರು ಮೂರು ಪಟ್ಟಿನ ಒಳಗಿರಬೇಕೆನ್ನುವರು. ಮಿನಿಟಿಗೆ 40 ಮಿಲಿಲೀಟರ್ ಸೋಸುವವನಿಗೆ ಇದು 120 ಮಿಲಿಲೀಟರ್. 1977ರಲ್ಲಿ ಜೂರಿಕ್ಕಿನಲ್ಲಿ ಗ್ರುಂಟ್ಜಿಗ್ ಮೊದಲ ಬಾರಿಗೆ ಬಲೂನಿನಿಂದ ಕಿರೀಟಧಮನಿಯನ್ನು ಹಿಗ್ಗಿಸಿದ ಮೇಲೆ ಈ ಮಿತಿಯೊಳಗೆ ನಿಲ್ಲುವುದು ಕಠಿನವಾಗಿದೆ. ತಂತಿ ತೂರಿಸಲು, ಬಲೂನು ಇಡಲು, ಸ್ಟೆಂಟ್ ಕೂತಿದೆಯೇ ನೋಡಲು, ಪ್ರತಿಯೊಂದಕ್ಕೂ ಒಂದೊಂದು ಚುಚ್ಚು ಬೇಕಷ್ಟೆ.

ಸೂಕ್ಷ್ಮನಾಳದಲ್ಲಿ ದ್ರವ ದಟ್ಟವಾಗುವುದೇ ಕೇಡಾದರೆ ನೀರು ಕೊಟ್ಟು ತೆಳುಮಾಡುವುದೇ ಮದ್ದು. 2014ರ ಪೊಸೈಡನ್ ಪರೀಕ್ಷೆಯಲ್ಲಿ ಹೃದಯದ ಒಳಗಿನ ಒತ್ತಡವನ್ನು ಅಳೆದು ಅದಕ್ಕೆ ತಕ್ಕಷ್ಟು ಸಲೈನ್ ಏರಿಸಿದಾಗ ಮೂತ್ರಪಿಂಡದ ಹಾನಿ ನೂರಕ್ಕೆ 16.3ರಿಂದ 6.7ಕ್ಕೆ ಇಳಿಯಿತು. ಸೋಡಾ ಬೈಕಾರ್ಬೊನೇಟ್, ಅಸಿಟೈಲ್‌ಸಿಸ್ಟೀನ್ ಎಂಬ ಮದ್ದುಗಳನ್ನು ವರ್ಷಗಟ್ಟಲೆ ಕೊಟ್ಟು ನೋಡಿದರು. ಸುಮಾರು ಐದು ಸಾವಿರ ಮಂದಿಯ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಪ್ರಿಸರ್ವ್ ಪರೀಕ್ಷೆಯಲ್ಲಿ ಅವುಗಳಿಂದ ಪ್ರಯೋಜನವೇನೂ ಕಂಡುಬರಲಿಲ್ಲ. ಉಪ್ಪುನೀರೇ ಗೆದ್ದಿತು.

ಅಯೋಡಿನ್ನನ್ನೇ ಬಿಟ್ಟುಬಿಡಬಾರದೇ ಎಂಬ ಪ್ರಶ್ನೆಗೂ ಉತ್ತರ ಹೇಳಬೇಕು. ಕಾಲಿನ ಧಮನಿಗಳಿಗೆ ಇಂಗಾಲದ ಡೈಆಕ್ಸೈಡ್ ಅನಿಲವನ್ನು ಚುಚ್ಚಿ ಚಿತ್ರ ತೆಗೆಯುವುದುಂಟು, ಅದು ಮೂತ್ರಪಿಂಡಕ್ಕೆ ನಿರಪಾಯ. ಆದರೆ ಕಿರೀಟಧಮನಿಯಲ್ಲಿ ಅನಿಲದ ಗುಳ್ಳೆ ರಕ್ತವನ್ನೇ ತಡೆಯಬಲ್ಲದು. ಅಲ್ಲಿ ಅದು ನಿಷಿದ್ಧ. ಗಡೋಲಿನಿಯಮ್ಮಿನ ಪರಮಾಣು ಸಂಖ್ಯೆ 64, ಅಯೋಡಿನ್ನಿಗಿಂತ ಹೆಚ್ಚು. ಆದರೆ ಅದರ ಸಾಮಾನ್ಯ ದ್ರಾವಣದಲ್ಲಿ ಲೀಟರಿಗೆ ಅರ್ಧ ಮೋಲ್ ಗಡೋಲಿನಿಯಂ. ಅಯೋಹೆಕ್ಸಾಲ್ 350ರಲ್ಲಿ ಎರಡೂಮುಕ್ಕಾಲು ಮೋಲ್ ಅಯೋಡಿನ್. ನೆರಳು ತೀರ ತೆಳುವಾಗುತ್ತದೆ. ಮೇಲಾಗಿ ಮೂತ್ರಪಿಂಡ ಕೆಟ್ಟವರಲ್ಲಿ ಚರ್ಮವನ್ನು ಗಡುಸಾಗಿಸುವ ಘೋರ ರೋಗಕ್ಕೆ ಕೆಲವು ಗಡೋಲಿನಿಯಂ ದ್ರವಗಳು ಕಾರಣವೆಂದು 2006ರಲ್ಲಿ ಗೊತ್ತಾಯಿತು.

ಇಲ್ಲೊಂದು ಜನಜನಿತ ತಪ್ಪು ತಿಳಿವಳಿಕೆಯನ್ನೂ ಮುಟ್ಟಿಹೋಗಬೇಕು. ಸೀಗಡಿ, ಏಡಿ ತಿಂದರೆ ಮೈಯೆಲ್ಲ ದದ್ದು ಏಳುವವರು ಅಯೋಡಿನ್ ಒಗ್ಗದವರೆಂದೂ ಅವರಿಗೆ ಕಾಂಟ್ರಾಸ್ಟ್ ಕೊಡಬಾರದೆಂದೂ ಹಲವರು ಹೇಳುವರು. ಸೀಗಡಿಯ ಒಗ್ಗದಿಕೆಗೆ ಮುಖ್ಯ ಕಾರಣ ಅದರ ಸ್ನಾಯುವಿನ ಪ್ರೋಟೀನು, ಅಯೋಡಿನ್ನಲ್ಲ. ಹಿಂದೆ ಕಾಂಟ್ರಾಸ್ಟೇ ಒಗ್ಗದೆ ಉಸಿರು ಕಟ್ಟಿದ್ದುಂಟೇ, ದದ್ದು ಎದ್ದದ್ದುಂಟೇ ಎಂಬುದನ್ನು ಮಾತ್ರ ವೈದ್ಯರಿಗೆ ಮರೆಯದೆ ಹೇಳಬೇಕು. ಥೈರಾಯ್ಡ್ ಕಾಯಿಲೆಯನ್ನೂ ಹೇಳಬೇಕು. ನಮಗೆ ದಿನಕ್ಕೆ ಬೇಕಾದ ಅಯೋಡಿನ್ 150 ಮೈಕ್ರೋಗ್ರಾಂ. 100 ಮಿಲಿಲೀಟರ್ ಕಾಂಟ್ರಾಸ್ಟಿನಲ್ಲಿ 35 ಗ್ರಾಂ, ಎಂದರೆ ಆರುನೂರು ವರ್ಷಗಳಿಗೂ ಮಿಕ್ಕ ಪಡಿತರ! ಅದೆಲ್ಲ ಉಂಗುರಕ್ಕೆ ಕಚ್ಚಿಕೊಂಡೇ ಹೊರಹೋಗುತ್ತದೆ. ಬಿಡಿಯಾಗಿರುವ ಅತ್ಯಲ್ಪ ಪಾಲೇ ಕೆಲವರ ಥೈರಾಯ್ಡನ್ನು ಕೆರಳಿಸಲು ಸಾಕು.

2022ರ ಬೇಸಗೆಯಲ್ಲಿ ಶಾಂಘೈ ನಗರವನ್ನು ಕೋವಿಡ್ಡಿನ ಕಾರಣ ಮುಚ್ಚಿದಾಗ ಅಲ್ಲಿನ ಒಂದು ದೊಡ್ಡ ಕಾರ್ಖಾನೆ ನಿಂತು, ಅಯೋಹೆಕ್ಸಾಲ್ ಮತ್ತು ಅಯೋಡಿಕ್ಸನಾಲುಗಳಿಗೆ ಅನೇಕ ದೇಶಗಳಲ್ಲಿ ಅಭಾವ ತಲೆದೋರಿತು. ಆಸ್ಪತ್ರೆಗಳು ಒಂದೊಂದು ಮಿಲಿಲೀಟರನ್ನೂ ಲೆಕ್ಕವಿಟ್ಟು ಬಳಸಬೇಕಾಯಿತು. ಹಾಗೆ ಮಿತವಾಗಿ ಬಳಸುವ ವಿದ್ಯೆ ಅಷ್ಟರಲ್ಲಿ ಸಿದ್ಧವಾಗಿಯೇ ಇತ್ತು. ಕೂದಲೆಳೆಯಂಥ ತಂತಿಯ ಮೇಲೆ ಶ್ರವಣಾತೀತ ಶಬ್ದವನ್ನು ಹೊರಡಿಸುವ ಸಣ್ಣ ಉಪಕರಣವನ್ನು ಧಮನಿಯೊಳಗೇ ತೂರಿಸಿ, ಮರುದನಿಯಿಂದ ಅದರ ಒಳಗೋಡೆಯನ್ನು ಚಿತ್ರಿಸಬಹುದು. ಶಬ್ದಕ್ಕೆ ರಕ್ತ ಅಡ್ಡಿಯಲ್ಲ, ನೆರಳೂ ಬೇಡ. ಬೆಳಕಿನಿಂದ ಹೀಗೆಯೇ ನೋಡುವ ಇನ್ನೊಂದು ಉಪಕರಣ ಇನ್ನೂ ಸೂಕ್ಷ್ಮವಾಗಿ ತೋರಿಸುತ್ತದೆ, ಆದರೆ ಬೆಳಕಿನ ದಾರಿಯಿಂದ ರಕ್ತವನ್ನು ಸರಿಸಲು ಸಾಮಾನ್ಯವಾಗಿ ಕಾಂಟ್ರಾಸ್ಟನ್ನೇ ಚುಚ್ಚುವರು! ಬ್ರೆಜಿಲ್ಲಿನಲ್ಲಿ ನಡೆದು 2014ರಲ್ಲಿ ಪ್ರಕಟವಾದ ಮೊಜಾರ್ಟ್ ಎಂಬ ಪರೀಕ್ಷೆಯಲ್ಲಿ 83 ರೋಗಿಗಳಿಗೆ ಸ್ಟೆಂಟ್ ಇಟ್ಟರು. ಕ್ಷ-ಕಿರಣವನ್ನೇ ನೆಚ್ಚಿದ ಗುಂಪಿನಲ್ಲಿ ಖರ್ಚಾದ ದ್ರವದ ಮಧ್ಯಾಂಕ 64.5 ಮಿಲಿಲೀಟರ್, ಶಬ್ದದ ನೆರವನ್ನೂ ಪಡೆದ ಗುಂಪಿನಲ್ಲಿ 20.